ಹೆಸರಿಗೆ ಬಿಟ್ಟ ಜಾಗ

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆ ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಕರೆಂಟು ಹೋಗಿ ಮೂರು ದಿನವಾಗಿತ್ತು. ಮನೆಯಲ್ಲಿ ಬೆಚ್ಚಗಿದ್ದ ಜಾಗವೆಂದರೆ ಬಚ್ಚಲೊಂದೇ. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಹಂಡೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದಳು. ಸಿಪ್ಪೆ ಸೀಳದೆ ಹಾಕಿದರೆ ಸಿಡಿದು ಮುಖಕ್ಕೆ ಬರುತ್ತದೆ ಎಂದು ಎರಡು ಸಲ ಹೇಳಿದ್ದೆ. ಮೂರನೆಯದು ಸಿಡಿದ ಮೇಲೆ ಕಲಿತಳು.

ಬೀಜ ಖಾಲಿಯಾಯಿತು. ಡಬರಿಯನ್ನು ಕವುಚಿ ಕೊಡವುವಾಗ ಅದರ ತಳ ಕಣ್ಣಿಗೆ ಬಿತ್ತು. ಬೆಂಕಿಯ ಬೆಳಕಿಗೆ ಹಿಡಿದು ಚುಕ್ಕಿ ಚುಕ್ಕಿ ಅಕ್ಷರಗಳನ್ನು ಕೂಡಿಸಿ ಓದಿದಳು.

"'ದ್ವಿತೀಯ ಬಹುಮಾನ, 1988.' ಯಾರಿಗೆ ಬಂದಿದ್ದಜ್ಜಿ? ಕೆಳಗೆ ಹೆಸರೇ ಇಲ್ಲ."

"ಅದು ಹೆಸರಿಗೆ ಅಂತಲೇ ಬಿಟ್ಟ ಜಾಗ. ಎರಡು ಕುಂಟೆ ಒಳಗೆ ತಳ್ಳು, ಹೇಳ್ತೀನಿ."

ಆಗ ನನಗೆ ಮೂವತ್ತಮೂರು. ಪಿಯುಸಿ ಮುಗಿಸಿ ಈ ಮನೆ ಸೊಸೆಯಾಗಿ ಬಂದು ಹನ್ನೆರಡು ವರ್ಷ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಊರ ಮಹಿಳಾ ಸಮಾಜದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಿತ್ತು. ಸಮಾಜ ಎಂದರೆ ತಿಂಗಳಿಗೊಂದು ಶನಿವಾರ ಶಾಲೆಯ ಒಂದು ಕೋಣೆಯಲ್ಲಿ ಸೇರುವುದು, ಹಾಡು, ಅವಲಕ್ಕಿ, ಕಾಫಿ. ವರ್ಷಕ್ಕೊಮ್ಮೆ ರಂಗೋಲಿ ಸ್ಪರ್ಧೆ, ಹೊಸರುಚಿ ಸ್ಪರ್ಧೆ. ಹೊಸರುಚಿಯಲ್ಲಿ ಪ್ರತಿವರ್ಷವೂ ಬಾಳೆದಿಂಡಿನದ್ದೇ ಏನಾದರೊಂದು ಗೆಲ್ಲುತ್ತಿತ್ತು. ಆ ಸಲ ನಾನು ಧೈರ್ಯ ಮಾಡಿ, "ಬರೆಯೋ ಸ್ಪರ್ಧೆ ಇಡೋಣ" ಅಂದೆ.

"ಬರೆಯೋಕೆ ಯಾರಿಗೆ ಬರ್ತದೆ?" ಎಂದರು ಅಧ್ಯಕ್ಷರು.

ಅದಕ್ಕೆ ಉತ್ತರ ನನ್ನ ಬಾಯಲ್ಲೇ ಇತ್ತು. ಎಂ.ಕೆ. ಇಂದಿರಾ ಇದೇ ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ಶಾಲೆಗೆ ಹೋಗಿದ್ದು ಕೆಲವೇ ವರ್ಷ. 1963ರಲ್ಲಿ ಮೊದಲ ಕಾದಂಬರಿ 'ತುಂಗಭದ್ರ' ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಅವರ 'ಫಣಿಯಮ್ಮ' ಅಷ್ಟು ಹೊತ್ತಿಗೆ ಪ್ರೇಮಾ ಕಾರಂತರ ಕೈಯಲ್ಲಿ ಸಿನಿಮಾ ಕೂಡ ಆಗಿತ್ತು. ಓದದವರೂ ಹೆಸರು ಕೇಳಿದ್ದರು. ಇಂದಿರಾ ಅಂದ ಕೂಡಲೇ ಕೋಣೆ ಒಪ್ಪಿತು.

ವಿಷಯ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ನಾನು 'ನನ್ನ ಏಕಾಂತ' ಅಂದಿದ್ದೇ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗೆ. ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಗಂಡ ಹೆಂಡ್ತಿ ಏಕಾಂತದ್ದೆಲ್ಲ ಬರೆದು ಕೊಡೋದಾ ಮಾರಾಯ್ತಿ?" ಎಂದರು. ಅವರ ತಪ್ಪೇನಿಲ್ಲ. ಹೆಂಗಸಿಗೆ ಏಕಾಂತ ಎಂದರೆ ನಾವು ಕೇಳಿದ್ದು ಅದೊಂದೇ ಅರ್ಥ. ದೇವಸ್ಥಾನದಲ್ಲೂ ಏಕಾಂತಸೇವೆ ಎಂದರೆ ರಾತ್ರಿ ಬಾಗಿಲು ಹಾಕುವ ಮೊದಲಿನ ಪೂಜೆ. ಗಂಡಸು ಗದ್ದೆ ಬದುವಿನ ಮೇಲೆ ಬೀಡಿ ಸೇದುತ್ತ ಒಂದು ಗಂಟೆ ಕೂತರೆ ಯೋಚನೆ ಮಾಡುತ್ತಿದ್ದಾನೆ ಎನ್ನುತ್ತಾರೆ. ಹೆಂಗಸು ಹಾಗೆ ಕೂತರೆ, "ಎಂತ ಆಯ್ತೇ, ತಲೆನೋವಾ?" ಎನ್ನುತ್ತಾರೆ. ಅವಳು ಒಬ್ಬಳೇ ಕೂತ ಹೊತ್ತಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲ. ಇದನ್ನೇ ಬರೆಯಿರಿ ಅಂದೆ. ಯಾರ ಕಣ್ಣಿಗೂ ಬೀಳದೆ, ಯಾರೂ ಕರೆಯದೆ, ನೀವು ನೀವೇ ಆಗಿರುವ ಹೊತ್ತು ಯಾವುದು? ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಯಾರೋ, "ಅಂಥದ್ದೊಂದು ಇದ್ರೆ ತಾನೇ?" ಅಂದರು. ಎಲ್ಲರೂ ನಕ್ಕರು.

ನಿಯಮಗಳನ್ನು ಬರೆದವಳು ನಾನೇ. ನಾಲ್ಕು ಪುಟ ಮೀರಬಾರದು. ಸ್ವಂತ ಅನುಭವವಾಗಿರಬೇಕು. ಬರಹದ ಮೇಲೆ ಹೆಸರು ಹಾಕಬಾರದು, ಹೆಸರಿನ ಚೀಟಿಯನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಕಳಿಸಬೇಕು. ಕೊನೆಗೆ, ಬಲು ಹೆಮ್ಮೆಯಿಂದ ಸೇರಿಸಿದ್ದು: ಸಮಿತಿಯವರೂ ಅವರ ಮನೆಯವರೂ ಭಾಗವಹಿಸುವಂತಿಲ್ಲ. ಇದನ್ನು ಕೈಯಲ್ಲೇ ಎಂಟು ಪ್ರತಿ ಮಾಡಿ ರೇಷನ್ ಅಂಗಡಿ, ಸೊಸೈಟಿ, ಹಾಲಿನ ಡೈರಿಯ ಬಾಗಿಲಿಗೆಲ್ಲ ಅಂಟಿಸಿದೆ. ಒಂದು ಪ್ರತಿ ಮನೆಯ ಜಗಲಿಯ ಮೇಲೂ ಉಳಿದಿತ್ತು.

ನಿನ್ನ ಮುತ್ತಜ್ಜಿ, ಅಂದರೆ ನಮ್ಮತ್ತೆ, ಅದನ್ನು ಕಾಫಿ ಲೋಟದ ಕೆಳಗೆ ಇಟ್ಟುಕೊಂಡಿದ್ದು ನೋಡಿ ನನಗೆ ಬೇಜಾರಾಗಿತ್ತು. ಅವರು ಓದಿದ್ದು ಮೂರನೇ ಕ್ಲಾಸು. ರೇಷನ್ ಪುಸ್ತಕಕ್ಕೆ ರುಜು ಹಾಕುವಾಗ ಪ್ರತಿ ಅಕ್ಷರಕ್ಕೂ ಉಸಿರು ಹಿಡಿಯುತ್ತಿದ್ದರು. ಅವರು ಏನಾದರೂ ಓದಿದ್ದನ್ನು ಹನ್ನೆರಡು ವರ್ಷದಲ್ಲಿ ನಾನು ಕಂಡಿರಲಿಲ್ಲ.

ದೀಪಾವಳಿ ಕಳೆಯುವಷ್ಟರಲ್ಲಿ ಇಪ್ಪತ್ತೇಳು ಬರಹ ಬಂದಿದ್ದವು. ಅಡಿಕೆ ಕೊಯ್ಲು ಶುರುವಾಗಿತ್ತು, ಹಗಲು ಪುರಸೊತ್ತಿಲ್ಲ. ರಾತ್ರಿ ಅಂಗಳದಲ್ಲಿ ಹತ್ತು ಹದಿನೈದು ಮಂದಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವುದು, ಅದರ ನಡುವೆ ನಗು, ಜಗಳ, ಊರಿನ ಸುದ್ದಿ. ಅದು ಮುಗಿದು ಚೊಗರು ಕಟ್ಟಿದ ಕೈ ತೊಳೆದುಕೊಂಡ ಮೇಲೆ ಲಾಟೀನು ಹಚ್ಚಿಕೊಂಡು ಒಂದೊಂದಕ್ಕೂ ಸಂಖ್ಯೆ ಹಾಕುತ್ತಾ ಓದಿದೆ.

ಒಬ್ಬಳು ಕೊಟ್ಟಿಗೆಯ ಬಗ್ಗೆ ಬರೆದಿದ್ದಳು. ಬೆಳಗಿನ ಹಾಲು ಕರೆಯುವಾಗ ದನದ ಹೊಟ್ಟೆಗೆ ಹಣೆ ಆನಿಸಿಕೊಳ್ಳುತ್ತಾಳಂತೆ. ಅಲ್ಲಿ ಅತ್ತರೆ ಯಾರಿಗೂ ತಿಳಿಯುವುದಿಲ್ಲ, ದನ ಮಾತ್ರ ಒಮ್ಮೆ ಕಿವಿ ಅಲ್ಲಾಡಿಸುತ್ತದೆ. ಇನ್ನೊಬ್ಬಳದ್ದು ಹಲ್ಲು ಕೀಳಿಸಲು ಒಬ್ಬಳೇ ಶಿವಮೊಗ್ಗಕ್ಕೆ ಹೋದ ಕಥೆ. ಅರವತ್ತು ಕಿಲೋಮೀಟರು, ಕಿಟಕಿ ಪಕ್ಕದ ಸೀಟು, ಮಡಿಲಲ್ಲಿ ಮಗುವಿಲ್ಲ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ ಕೂತಿದ್ದನ್ನು ಮೊದಲ ಸಲ ನೋಡಿದಳಂತೆ, ಅದೇ ದಾರಿಯಲ್ಲಿ ಹತ್ತಾರು ಸಲ ಹೋಗಿದ್ದರೂ. ಇನ್ನೊಂದು ಹಲ್ಲೂ ಅಲ್ಲಾಡುತ್ತಿದೆ ಎಂದು ಖುಷಿಯಿಂದ ಮುಗಿಸಿದ್ದಳು.

ಒಂದರಲ್ಲಿ ಇದ್ದದ್ದು ಮೂರೇ ಸಾಲು. ನನಗೆ ಐದು ಮಕ್ಕಳು, ಏಕಾಂತ ಹೇಗಿರುತ್ತದೆ ಗೊತ್ತಿಲ್ಲ, ಗೊತ್ತಾದ ಮೇಲೆ ಬರೆದು ಕಳಿಸುತ್ತೇನೆ.

ಮತ್ತೊಂದು ತಿಂಗಳ ಮೂರು ದಿನದ್ದು. ಮುಟ್ಟಾಗಿ ಹೊರಗೆ ಕೂರುವ ಮೂರು ದಿನ ಹಿಂದಿನ ಜಗಲಿಯಲ್ಲಿ ಚಾಪೆ, ತಂಬಿಗೆ, ಒಂದು ಕಾದಂಬರಿ. ಯಾರೂ ಮುಟ್ಟುವುದಿಲ್ಲ, ಯಾರೂ ಕೆಲಸ ಹೇಳುವುದಿಲ್ಲ. ತ್ರಿವೇಣಿಯವರನ್ನು ಪೂರ್ತಿ ಓದಿದ್ದು ಹೀಗೆ ತಿಂಗಳಿಗೆ ಮೂರು ದಿನದಂತೆ ಎಂದು ಬರೆದಿದ್ದಳು. ನಾಯಿಯ ಹಾಗೆ ಹೊರಗೆ ಕೂರಿಸಿದ್ದಕ್ಕೆ ಸಿಟ್ಟೂ ಇದೆ, ನಾಲ್ಕನೆಯ ದಿನ ನೀರು ಹಾಕಿಕೊಂಡು ಒಳಗೆ ಬರುವಾಗ ಬೇಸರವೂ ಇದೆ, ಎರಡರಲ್ಲಿ ಯಾವುದು ನಿಜ ಅಂತ ಕೇಳಬೇಡಿ ಅಂದಿದ್ದಳು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಲಾಟೀನಿನ ಬತ್ತಿಯನ್ನೇ ನೋಡುತ್ತಾ ಕೂತಿದ್ದೆ. ನನ್ನದೂ ಅದೇ ಲೆಕ್ಕವಾಗಿತ್ತು.

ಹದಿನೇಳನೆಯದು ಅಡಿಕೆ ಮಂಡಿಯ ಪಟ್ಟಿಗಳ ಹಿಂಬದಿಯಲ್ಲಿ ಬಂದಿತ್ತು. ಹಾಗೆ ಬರೆದವರು ಬೇರೆಯವರೂ ಇದ್ದರು, ಈ ಊರಲ್ಲಿ ಬಿಳಿ ಕಾಗದ ಎಂದರೆ ಅದೇ. ಅಕ್ಷರ ಮಾತ್ರ ಒಂದೊಂದೂ ಕಟ್ಟಿಗೆ ಜೋಡಿಸಿದಂತೆ, ಒತ್ತಿಲ್ಲ, ದೀರ್ಘವಿಲ್ಲ. ಪದಕ್ಕೆ ಪದ ಈಗ ನೆನಪಿಲ್ಲ, ಅದರ ಹುರುಳು ಮರೆತಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ ಎಂದು ಶುರು ಮಾಡಿದ್ದರು. ಬಚ್ಚಲ ಒಲೆಯ ಬೂದಿ ತೆಗೆದು, ಜಿಗ್ಗು ಒಟ್ಟಿ, ಹೊತ್ತಿಸಲು ಕಾಗದ ತೆಗೆದುಕೊಳ್ಳುತ್ತೇನೆ. ಕಾಗದವೆಂದರೆ ಅಂಗಡಿಯಿಂದ ಬೇಳೆ, ಸಕ್ಕರೆ, ಮೆಣಸು ಕಟ್ಟಿಕೊಟ್ಟ ಪೊಟ್ಟಣಗಳದ್ದು, ಬಿಡಿಸಿ ಬುಟ್ಟಿಯಲ್ಲಿ ಇಟ್ಟಿರುತ್ತೇನೆ. ಎಲ್ಲ ಹಳೇ ವಾರಪತ್ರಿಕೆಯ ಹಾಳೆ. ಬಚ್ಚಲಿಗೆ ಬಲ್ಬಿಲ್ಲ. ಮೊದಲನೆಯ ಹಾಳೆ ಕತ್ತಲಲ್ಲಿ ಸುಮ್ಮನೆ ಹೋಗುತ್ತದೆ. ಅದು ಉರಿಯುವ ಬೆಳಕಲ್ಲಿ ಎರಡನೆಯದನ್ನು ಓದುತ್ತೇನೆ. ಎರಡನೆಯದನ್ನು ಹಾಕಿದರೆ ಮೂರನೆಯದಕ್ಕೆ ಬೆಳಕು. ಆದ್ದರಿಂದ ಯಾವುದನ್ನೂ ಎರಡು ಸಲ ಓದಲು ಆಗುವುದಿಲ್ಲ.

"ಅಯ್ಯೋ," ಎಂದಳು ಮೊಮ್ಮಗಳು. ಕೈಯಲ್ಲಿದ್ದ ಕೊಳ್ಳಿಯನ್ನು ಹಾಗೇ ಹಿಡಿದುಕೊಂಡಿದ್ದಳು.

ಧಾರಾವಾಹಿಯ ಆರನೇ ಕಂತು ಬೇಳೆಯ ಜೊತೆ ಬಂದರೆ ಎರಡನೇ ಕಂತು ಮುಂದಿನ ತಿಂಗಳು ಕೊತ್ತಂಬರಿ ಬೀಜದ ಜೊತೆ ಬರುತ್ತದೆ, ಕೊನೆಯದು ಬರುವುದೇ ಇಲ್ಲ ಎಂದು ಬರೆದಿದ್ದರು. ಒಂದು ಕಥೆಯಲ್ಲಿ ಗಂಡನ ಮನೆ ಬಿಟ್ಟು ಹೊರಟವಳು ಅರಸೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಳೆ. ಅಲ್ಲಿಗೆ ಹಾಳೆ ಮುಗಿಯಿತು. ಅವಳನ್ನು ಹಾಗೆ ಕೂರಿಸಿ ಬಿಡುವುದು ಹೇಗೆ? ಆದ್ದರಿಂದ ನೀರು ಕಾಯುವಷ್ಟರಲ್ಲಿ ನಾನೇ ಎಬ್ಬಿಸಿ ಕಳಿಸುತ್ತೇನೆ. ಒಂದು ದಿನ ಮೈಸೂರಿಗೆ, ಒಂದು ದಿನ ಹುಬ್ಬಳ್ಳಿಗೆ. ಈಗ ಆ ಸ್ಟೇಷನ್ನಿನ ಹೊರಗೇ ಅವಳಿಗೊಂದು ಹೂವಿನ ಅಂಗಡಿ ಇಟ್ಟುಕೊಟ್ಟಿದ್ದೇನೆ. ವ್ಯಾಪಾರ ಚೆನ್ನಾಗಿದೆ.

ಕೊನೆಯಲ್ಲಿ ಹಂಡೆಯ ಮಾತು. ಹಂಡೆಯ ಎಡಗಡೆ ನೆಗ್ಗಿದೆ, ಮೈದುನನ ಮದುವೆಯಲ್ಲಿ ಅಟ್ಟದಿಂದ ಬಿದ್ದದ್ದು. ಆ ನೆಗ್ಗಿದ ಜಾಗದಲ್ಲಿ ನೀರು ಕುದಿಯಲು ಬಂದಾಗ ಸಣ್ಣದಾಗಿ ಮಾತಾಡುತ್ತದೆ. ಆಗ ಮನೆ ಏಳುತ್ತದೆ.

ಮೊಮ್ಮಗಳು ತಲೆ ಎತ್ತಿ ನೋಡಿದಳು. ಅವಳ ಮುಖದ ಎದುರಿಗೇ ಹಂಡೆ, ಅದರ ಎಡಗಡೆಯಲ್ಲಿ ಅಂಗೈ ಅಗಲದ ನೆಗ್ಗು.

ನಾನೂ ಅವತ್ತು ರಾತ್ರಿ ಲಾಟೀನು ಹಿಡಿದುಕೊಂಡು ಬಂದು ಅದನ್ನೇ ನೋಡಿದೆ. ಹನ್ನೆರಡು ವರ್ಷ ಬೆಳಿಗ್ಗೆ ಐದಕ್ಕೇ ಎದ್ದು ಬಚ್ಚಲಿಗೆ ಬಂದು, "ಬಿಡಿ ಅತ್ತೆ, ನಾನು ಉರಿ ಹಾಕ್ತೀನಿ" ಅನ್ನುತ್ತಿದ್ದೆ. ಅವರು ತಟಕ್ಕನೆ ಕೈಯಲ್ಲಿದ್ದದ್ದನ್ನು ಒಲೆಗೆ ತುರುಕಿ, "ಇಷ್ಟು ಬೇಗ ಎಂತಕ್ಕೆ ಎದ್ದೆ ಕೂಸೇ, ಮಲ್ಕೋ ಹೋಗು" ಅನ್ನುತ್ತಿದ್ದರು. ಅತ್ತೆಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ತವರಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಒಳ್ಳೇ ಸೊಸೆ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ದಿನಾ ಬೆಳಿಗ್ಗೆ ಅವರ ಒಂದು ಹಾಳೆ ಸುಡಿಸಿದ್ದೆ.

ನಿಯಮದ ಪ್ರಕಾರ ಆ ಬರಹವನ್ನು ಬದಿಗಿಡಬೇಕಿತ್ತು. ನಿಯಮ ಮಾಡಿದವಳು ನಾನು. ಆದರೆ ಬದಿಗಿಡಲು ಕಾರಣ ಹೇಳಬೇಕು, ಕಾರಣ ಹೇಳಿದರೆ ಹೆಸರು ಹೇಳಿದಂತೆ. ಹದಿನೇಳು ಎಂದು ಸಂಖ್ಯೆ ಬರೆದು ತೀರ್ಪುಗಾರರಿಗೆ ಕಳಿಸಿದೆ.

ತೀರ್ಪುಗಾರರು ಇಬ್ಬರು. ಒಬ್ಬರು ನಿವೃತ್ತ ಹೆಡ್‌ಮಾಸ್ತರು, ಇನ್ನೊಬ್ಬರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ. ಮೂರು ದಿನದ ಬರಹವನ್ನು ಮೇಷ್ಟರು ಎರಡು ಬೆರಳಲ್ಲಿ ಹಿಡಿದು, ಇಂಥದ್ದನ್ನೆಲ್ಲ ಸಭೆಯಲ್ಲಿ ಓದಲಿಕ್ಕಾಗುತ್ತದಾ ಎಂದರು. ಮೇಡಂ ಅದಕ್ಕೇ ಮೊದಲ ಬಹುಮಾನ ಎಂದು ಪಟ್ಟು ಹಿಡಿದರು. ಒಂದು ಇಡೀ ಸಂಜೆ ಜಗಳವಾಯಿತು, ಗೆದ್ದವರು ಮೇಡಂ. ಎರಡನೆಯದು ಹದಿನೇಳಕ್ಕೆ ಎನ್ನುವಾಗ ಮಾತ್ರ ಇಬ್ಬರದ್ದೂ ಒಂದೇ ಮಾತು. ಕಾಗುಣಿತ ತಪ್ಪಿದೆ, ಆದರೂ ಇವಳು ಬರೆಯುವವಳು ಎಂದು ಮೇಷ್ಟರೇ ಅಂದರು. ಮೂರನೆಯದು ಬಸ್ಸಿನವಳಿಗೆ. ನ್ಯಾಯವಾಗಿ ಅವಳಿಗೆ ಎರಡನೆಯದು ಸಲ್ಲಬೇಕಿತ್ತು. ಆ ಸಾಲ ನನ್ನ ಮೇಲೆ ಇವತ್ತಿಗೂ ಇದೆ.

ಬಹುಮಾನದ ದಿನ ಮೇಡಂ ಭಾಷಣ ಮಾಡಿದರು. ಇಂಗ್ಲೆಂಡಿನಲ್ಲಿ ವರ್ಜೀನಿಯಾ ವುಲ್ಫ್ ಎಂಬ ಲೇಖಕಿ 1929ರಲ್ಲೇ ಹೇಳಿದ್ದಾರೆ, ಹೆಂಗಸು ಬರೆಯಬೇಕಾದರೆ ವರ್ಷಕ್ಕೆ ಐನೂರು ಪೌಂಡು ವರಮಾನ ಇರಬೇಕು, ಚಿಲಕವಿರುವ ಒಂದು ಸ್ವಂತ ಕೋಣೆ ಇರಬೇಕು ಎಂದು. ಮುಂದಿನ ಸಾಲಿನ ಅಜ್ಜಿಯೊಬ್ಬರು ಗಟ್ಟಿಯಾಗಿ ಕೇಳಿದರು, "ಚಿಲಕ ಒಳಗಡೆದೋ ಹೊರಗಡೆದೋ?" ಇಡೀ ಸಭೆ ನಕ್ಕಿತು. ಮೇಡಂ ನಗಲಿಲ್ಲ, ಪುಸ್ತಕದ ಅಂಚಿನಲ್ಲಿ ಏನೋ ಬರೆದುಕೊಂಡರು.

ಮೇಷ್ಟರು ಅಕ್ಕಮಹಾದೇವಿಯನ್ನು ನೆನೆದರು. ಉಡುತಡಿ ನಮ್ಮ ಜಿಲ್ಲೆಯದ್ದೇ, ಶಿಕಾರಿಪುರದ ಹತ್ತಿರ. ಅಕ್ಕ ಎಲ್ಲ ಬಿಟ್ಟು ಶ್ರೀಶೈಲಕ್ಕೆ ನಡೆದಳು, ಅದು ನಿಜವಾದ ಏಕಾಂತ ಎಂದರು. ನಾನು ವೇದಿಕೆಯ ಮೂಲೆಯಲ್ಲಿ ನಿಂತು ಮೂರನೇ ಸಾಲಿನಲ್ಲಿದ್ದ ನಮ್ಮತ್ತೆಯನ್ನು ನೋಡುತ್ತಿದ್ದೆ. ಅಕ್ಕ ಮನೆ ಬಿಟ್ಟು ಹೋದಳು. ಇವರು ಹೋದದ್ದು ಅಡುಗೆಮನೆಯಿಂದ ಬಚ್ಚಲಿನವರೆಗೆ, ಅದೂ ಎಲ್ಲರೂ ಏಳುವುದರೊಳಗೆ ವಾಪಸು.

ಎರಡನೇ ಬಹುಮಾನ ಎಂದು ಕೂಗಿ, ಅಧ್ಯಕ್ಷರು ಲಕೋಟೆ ಹರಿದು ಚೀಟಿ ತೆಗೆದರು. ಮುಂದೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಖಾಲಿ. "ಬರೆದವರು ಇಲ್ಲಿದ್ದರೆ ಬರಬೇಕು" ಎಂದು ಮೈಕಿನಲ್ಲಿ ಎರಡು ಸಲ ಹೇಳಿದರು. ಎಲ್ಲರೂ ಹಿಂದೆ ಮುಂದೆ ತಿರುಗಿ ನೋಡಿದರು. ನಿನ್ನ ಅಪ್ಪನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ನಮ್ಮತ್ತೆಯೂ ತಿರುಗಿ ನೋಡಿ ಪಕ್ಕದವರನ್ನು ಕೇಳಿದರು:

"ಯಾರಂತೆ?"

ಅನಾಥವಾದ ಬಹುಮಾನ ಕಾರ್ಯದರ್ಶಿಯ ಮನೆಗೇ ಬಂತು, ಇದೇ ಡಬರಿ. ಪಾತ್ರೆ ಅಂಗಡಿಯವನು ತಳದಲ್ಲಿ ಬಹುಮಾನ, ಇಸವಿ ಕೊರೆದು, ಗೆದ್ದವರು ಹೆಸರು ಕೊರೆಸಿಕೊಳ್ಳಲಿ ಅಂತ ಜಾಗ ಬಿಟ್ಟಿದ್ದ. "ಯಾರದ್ದು?" ಎಂದು ಕೇಳಿದರು ಅತ್ತೆ. "ಸಮಾಜದ್ದು, ಯಾರೂ ತಗೊಳ್ಳಲಿಲ್ಲ" ಅಂದೆ. "ಹಾಗಾದರೆ ನಾವು ಬಳಸಬಾರದು" ಎಂದು ಅಟ್ಟದ ಮೇಲಿಟ್ಟರು. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನ್ನದರಲ್ಲೂ ಅಲುಗದಂತೆ ನೋಡಿಕೊಂಡೆ.

ಮಾರನೆಯ ದಿನದಿಂದ ನಾನು ಐದಕ್ಕೆ ಏಳುವುದು ಬಿಟ್ಟೆ. ಎಚ್ಚರವೇನೋ ಆಗುತ್ತಿತ್ತು, ಹನ್ನೆರಡು ವರ್ಷದ ಅಭ್ಯಾಸ. ಹಾಸಿಗೆಯಲ್ಲೇ ಇದ್ದು ಕೇಳುತ್ತಿದ್ದೆ. ಬಚ್ಚಲ ಬಾಗಿಲು, ಬೂದಿ ಬಾಚುವ ಸದ್ದು, ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಹಂಡೆ ಮಾತಾಡಿದ ಮೇಲೆಯೇ ನಾನು ಏಳುವುದು. ಸೊಸೆ ಸೋಮಾರಿಯಾದಳು ಎಂದು ನಿನ್ನ ಅಜ್ಜ ಒಂದೆರಡು ಸಲ ಗೊಣಗಿದರು. ಅತ್ತೆ ಅವರನ್ನು ಗದರಿಸಿ ಸುಮ್ಮನಾಗಿಸಿದರು. ಆ ಅರ್ಧ ಗಂಟೆಯ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುವಾಗ ಒಂದು ದಿನ ಹೊಳೆಯಿತು, ಇದೀಗ ನನ್ನದೂ ಆಯಿತಲ್ಲ ಎಂದು. ಅವರಿಗೆ ಬಿಟ್ಟುಕೊಟ್ಟೆ ಅಂದುಕೊಂಡಿದ್ದೆ, ನನಗೂ ಅಷ್ಟೇ ಸಿಕ್ಕಿತ್ತು. ಒಂದೇ ಗೋಡೆಯ ಎರಡು ಕಡೆ ಇಬ್ಬರು ಹೆಂಗಸರು, ಒಬ್ಬರಿಗೊಬ್ಬರು ತೊಂದರೆ ಕೊಡದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಅರಸೀಕೆರೆ ಸ್ಟೇಷನ್ನಿನ ಆ ಧಾರಾವಾಹಿ ನನಗೆ ಗೊತ್ತಿತ್ತು, ಮದುವೆಗೆ ಮುಂಚೆ ಓದಿದ್ದು. ಅದೇ ಹೆಡ್‌ಮಾಸ್ತರ ಮನೆಯಲ್ಲಿ ಹಳೇ ವಾರಪತ್ರಿಕೆಗಳ ರಾಶಿ ಇತ್ತು. ರದ್ದಿ ಬೇಕು ಎಂದು ಹೇಳಿ ತಂದು, ಹುಡುಕಿ, ಕೊನೆಯ ಮೂರು ಕಂತು ತೆಗೆದೆ. ಅನುಮಾನ ಬರದಿರಲೆಂದು ಒಂದರಲ್ಲಿ ಜೀರಿಗೆ ಕಟ್ಟಿದೆ, ಒಂದರಲ್ಲಿ ಸಾಸಿವೆ. ಬಿಡಿಸಿ ಬುಟ್ಟಿಯೊಳಗೆ ಮೇಲಿಂದ ಎರಡನೆಯದು, ಮೂರನೆಯದು, ನಾಲ್ಕನೆಯದಾಗಿ ಇಟ್ಟೆ. ಮೊದಲನೆಯದು ಕತ್ತಲಲ್ಲಿ ಹೋಗುತ್ತದಲ್ಲ.

ಬೆಳಿಗ್ಗೆ ಹಂಡೆ ಮಾತಾಡಿತು, ಎದ್ದು ಬಂದೆ. ಅತ್ತೆ ಊದುಗೊಳವೆ ಹಿಡಿದು ಕೂತಿದ್ದರು. ನನ್ನ ಕಡೆ ತಿರುಗಲಿಲ್ಲ.

"ಆ ಗಂಡ ಬಂದು ಕರ್ಕೊಂಡು ಹೋದನಂತೆ. ಅವಳು ಅತ್ತುಕೊಂಡು ಹಿಂದೆ ಹೋದಳಂತೆ." ಒಮ್ಮೆ ಊದಿದರು. "ನಾನು ಮಾಡಿದ್ದೇ ಚೆನ್ನಾಗಿತ್ತು ಕಣೇ."

ನನಗೆ ಮಾತು ಹೊರಡಲಿಲ್ಲ.

"ಹೂವಿನ ಅಂಗಡಿ ಸುಟ್ಟು ಹೋಯ್ತು" ಎಂದರು. ಆಮೇಲೆ ನಕ್ಕರು. ಅವರ ಬಾಯಲ್ಲಿ ಹಲ್ಲು ಎಷ್ಟು ಉಳಿದಿದೆ ಎಂದು ನಾನು ನೋಡಿದ್ದು ಅವತ್ತೇ, ಅಷ್ಟು ದೊಡ್ಡ ನಗು. ನನಗೂ ಬಂತು. ಇಬ್ಬರೂ ನಕ್ಕು ನಕ್ಕು ಹೊಗೆಗೆ ಕೆಮ್ಮಿದೆವು.

ನನಗೆ ಗೊತ್ತಿದೆ ಎಂದು ಅವರಿಗೆ ಯಾವಾಗ ಗೊತ್ತಾಯಿತು? ನಾನು ಏಳುವುದು ನಿಲ್ಲಿಸಿದ ದಿನವೇ ಇರಬೇಕು. ಕೇಳಲಿಲ್ಲ. ಮರುದಿನದಿಂದ ಕಾಗದದ ಬುಟ್ಟಿಯನ್ನು ನಾನು ಮುಟ್ಟಲಿಲ್ಲ. ಬುಟ್ಟಿಯೂ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಅಟ್ಟದಿಂದ ಇಳಿದ ಈ ಡಬರಿ ಇತ್ತು, ಅದರ ತುಂಬ ಪೊಟ್ಟಣದ ಹಾಳೆ.

ಆಮೇಲೆ ಅಂಗಡಿಗೆ ಪ್ಲಾಸ್ಟಿಕ್ ಕವರು ಬಂತು. ಒಂದೊಂದಾಗಿ ಎಲ್ಲ ಸಾಮಾನೂ ಅಕ್ಷರವಿಲ್ಲದ ಕವರಿನಲ್ಲಿ ಬರತೊಡಗಿದವು. ಆಗ ಅತ್ತೆ ಒಂದೇ ಮಾತು ಅಂದರು, ಇದು ಹೊತ್ತಿಕೊಂಡರೂ ಬರೀ ನಾತ. ಆ ಹೊತ್ತಿಗೆ ಅವರ ಕಣ್ಣಿಗೂ ಪೊರೆ ಬಂದಿತ್ತು. ಆದರೂ ಕೊನೆಯವರೆಗೆ ಬೆಳಗಿನ ಉರಿ ಅವರದ್ದೇ. ಓದಲು ಏನೂ ಇಲ್ಲದೆ ಬೆಂಕಿಯ ಮುಂದೆ ಕೂತಿರುತ್ತಿದ್ದರು. ಯಾರು ಯಾವ ಊರಿಗೆ ಹೊರಟಿದ್ದರೋ.

ಕೆಂಡ ಕಂದಿತ್ತು. ಮೊಮ್ಮಗಳು ಡಬರಿಯ ತಳವನ್ನು ಹೆಬ್ಬೆರಳಲ್ಲಿ ಸವರುತ್ತಿದ್ದಳು.

"ನೀನಾದರೂ ಮುತ್ತಜ್ಜಿ ಹೆಸರು ಕೊರೆಸಬಹುದಿತ್ತಲ್ಲ?"

"ಅವರು ಚೀಟಿ ಖಾಲಿ ಬಿಟ್ಟಿದ್ದು ಬರೆಯಲು ಬಾರದೆ ಅಂದುಕೊಂಡ್ಯಾ?"

ಅವಳು ಮತ್ತೇನೂ ಕೇಳಲಿಲ್ಲ. ಬೂದಿ ಮುಚ್ಚಿ ಮಲಗಲು ಹೋದೆವು. ಬೆಂಗಳೂರಿನಲ್ಲಿ ಅವಳಿಗೆ ಒಳಗಡೆ ಚಿಲಕವಿರುವ ಸ್ವಂತ ಕೋಣೆಯಿದೆ, ತಿಂಗಳಿಗೆ ಸಂಬಳವಿದೆ, ಕೈಯಲ್ಲಿ ಇಡೀ ದಿನ ಕರೆಯುತ್ತಲೇ ಇರುವ ಫೋನೂ ಇದೆ. ಮೂರು ದಿನದಿಂದ ಅದಕ್ಕೂ ಚಾರ್ಜಿರಲಿಲ್ಲ.

ಬೆಳಗಿನ ಜಾವ ಮಳೆ ಸ್ವಲ್ಪ ಹೊಳವಾಗಿತ್ತು. ಬಚ್ಚಲ ಬಾಗಿಲು ಕಿರುಗುಟ್ಟಿತು. ಬೂದಿ ಬಾಚುವ ಸದ್ದು ಕೇಳಿತು, ಅಭ್ಯಾಸವಿಲ್ಲದ ಕೈ. ಹೊಗೆಗೆ ಎರಡು ಸಲ ಕೆಮ್ಮಿದಳು. ಎದ್ದು ಹೋಗಿ, ಜಿಗ್ಗು ಹಾಗೆ ಒಟ್ಟಬೇಡ, ಗಾಳಿಯಾಡಲು ಜಾಗ ಬಿಡು ಎಂದು ಹೇಳೋಣವೆಂದು ಕಾಲು ಕೆಳಗಿಟ್ಟೆ.

ಮತ್ತೆ ಮೇಲೆ ತೆಗೆದುಕೊಂಡು ಕಂಬಳಿ ಎಳೆದುಕೊಂಡೆ.